ನಗೆಯ ಮನೆಯಲ್ಲಿ ಯಜಮಾನಿಕೆ

ಕಿರುತೆರೆಯ ಹಾಸ್ಯ ಧಾರಾವಾಹಿಗಳನ್ನು ವಿಮರ್ಶೆಯ ಪಂಕ್ತಿಯಲ್ಲಿ ಕುಳ್ಳಿರಿಸುವ ರೂಢಿ ನಮ್ಮಲ್ಲಿ ಇಲ್ಲ. ಕಾದಂಬರಿಗೆ, ನಾಟಕಕ್ಕೆ, ಯಕ್ಷಗಾನ ಪ್ರಸಂಗಕ್ಕೆ ಸಲ್ಲುವ ಗಮನ ಅವುಗಳಿಗೆ ಸಂದಿಲ್ಲ. ರಾತ್ರಿಯ ಊಟದ ಹೊತ್ತಿಗೆ ನೋಡಿ, ನಕ್ಕು, ಕೈ ತೊಳೆಯುವಷ್ಟರಲ್ಲಿ ಮರೆತುಬಿಡುವ ವಸ್ತುವೆಂದೇ ಅವನ್ನು ಬಗೆದಿದ್ದೇವೆ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ನಮ್ಮ ಕುಟುಂಬಗಳೊಳಗೆ ಆದ ಪಲ್ಲಟಗಳನ್ನು ಅರಿಯಬೇಕಾದರೆ ಈ ಧಾರಾವಾಹಿಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಗಂಭೀರ ಕೌಟುಂಬಿಕ ಧಾರಾವಾಹಿಗಳು ಕಣ್ಣೀರಿನಲ್ಲಿ ಮುಚ್ಚಿಟ್ಟ ಎಷ್ಟೋ ಸಂಗತಿಗಳು ಇಲ್ಲಿ ನಗೆಯ ನಡುವೆ ಹೊರಬಿದ್ದಿವೆ. ಮನೆಯಲ್ಲಿ ಯಾರು ಯಾರು ವಾಸವಾಗಿದ್ದಾರೆ, ದುಡಿದು ತರುವವರು ಯಾರು, ಯಾರ ಮಾತಿಗೆ ಯಾರು ಎದುರಾಡಬಹುದು ಎಂಬ ಲೆಕ್ಕವನ್ನು ಅವು ಪ್ರತಿದಿನ ಬರೆದಿಡುತ್ತ ಬಂದಿವೆ. ಈ ಬರಹದಲ್ಲಿ ನಾವು ಕೇಳಹೊರಟಿರುವುದು ಒಂದೇ ಪ್ರಶ್ನೆ: ಈ ನಗೆಯ ಮನೆಗಳಲ್ಲಿ ಯಜಮಾನಿಕೆ ಒಬ್ಬರ ಕೈಬಿಟ್ಟಾಗ ಅದು ಯಾರ ಕೈ ಸೇರಿತು?

ಯಜಮಾನ ಎಂಬ ಶಬ್ದವನ್ನೇ ಮೊದಲು ನೋಡೋಣ. ಘಟ್ಟದ ಮೇಲಿನ ಕನ್ನಡದಲ್ಲಿ ಹೆಂಡತಿ ತನ್ನ ಗಂಡನನ್ನು ‘ನಮ್ಮ ಯಜಮಾನರು’ ಎಂದು ಕರೆಯುವುದುಂಟು. ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟಿಗೆ ಸೇರಿದ ಕುಟುಂಬಗಳಲ್ಲಿ ಆ ಪದದ ವ್ಯಾಪ್ತಿ ಬೇರೆ. ಅಲ್ಲಿ ಯಜಮಾನನೆಂದರೆ ತಾಯಿಯ ಕಡೆಯ ಹಿರಿಯ, ಹೆಚ್ಚಾಗಿ ಸೋದರಮಾವ. ಹಿರಿತನ ಹೆಂಗಸಿಗೆ ಬಂದರೆ ಆಕೆ ಯಜಮಾನ್ತಿ. ಚಂದ್ರಗಿರಿ ಹೊಳೆಯ ತೆಂಕಣ ದಿಕ್ಕಿನಲ್ಲಿ ಮರುಮಕ್ಕತ್ತಾಯದ ತರವಾಡುಗಳಿದ್ದವು. ಅಲ್ಲಿ ಇದೇ ಅಧಿಕಾರ ಕಾರಣವರದು. ಈ ಕಟ್ಟುಗಳು ಎಲ್ಲ ಸಮುದಾಯಗಳಿಗೂ ಅನ್ವಯಿಸುತ್ತಿರಲಿಲ್ಲ. ಆದರೆ ನೆಲದ ಒಡೆತನ, ಮದುವೆ, ಮಕ್ಕಳ ಪಾಲನೆ ಇವೆಲ್ಲದರ ಬಗೆಗಿನ ನಮ್ಮ ಸೀಮೆಯ ಕಲ್ಪನೆಯನ್ನು ರೂಪಿಸಿದವು. 1975ರ ಕೇರಳ ಹಿಂದೂ ಕೂಡುಕುಟುಂಬ ರದ್ದತಿ ಕಾಯಿದೆ 1976ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದು ಆ ವ್ಯವಸ್ಥೆಗೆ ಕಾನೂನಿನ ಆಸರೆಯನ್ನು ತೆಗೆದುಹಾಕಿತು. ಆಸ್ತಿ ಪಾಲಾಯಿತು, ಒಲೆಗಳು ಬೇರೆಯಾದವು. ಯಜಮಾನನಿಲ್ಲದ ಮನೆಯಲ್ಲಿ ಬದುಕುವುದು ಹೇಗೆಂಬುದನ್ನು ಕಾನೂನು ಕಲಿಸಲಿಲ್ಲ. ಅದನ್ನು ಜನ ತಾವೇ ಕಲಿಯಬೇಕಾಯಿತು. ಆ ಕಲಿಕೆಯ ಎಡವಟ್ಟುಗಳೇ ನಗೆಯ ಕಚ್ಚಾ ಸಾಮಗ್ರಿ.

ಮನೆಯೊಳಗಿನ ನಗೆ ಕನ್ನಡಕ್ಕೆ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಮುದ್ದಣನೆಂಬ ಹೆಸರಿನಿಂದ ಬರೆದ ‘ರಾಮಾಶ್ವಮೇಧ’ದಲ್ಲಿ ಕಥೆಗಿಂತ ಹೆಚ್ಚಾಗಿ ಜನರ ಮನಸ್ಸಿನಲ್ಲಿ ನಿಂತದ್ದು ಮುದ್ದಣ-ಮನೋರಮೆಯರ ಸಲ್ಲಾಪ. ಗಂಡ ಕಥೆ ಹೇಳುತ್ತಾನೆ. ಹೇಗೆ ಹೇಳಬೇಕೆಂಬುದನ್ನು ತೀರ್ಮಾನಿಸುವವಳು ಹೆಂಡತಿ. ಪದ್ಯ ಬೇಡ ಗದ್ಯವಾಗಲಿ, ಸಂಸ್ಕೃತದ ಭಾರ ಬೇಡ ತಿಳಿಗನ್ನಡವಿರಲಿ ಎಂಬ ತೀರ್ಪು ಅವಳದು. ಅಲ್ಲಿನ ನಗೆಯಲ್ಲಿ ಹೆಂಗಸಿನ ವಿವೇಕಕ್ಕೆ ಸ್ಥಾನವಿದೆ, ಬಡತನದ ಮನೆಯ ಸಲಿಗೆಯೂ ಇದೆ. ಮುಂದೆ ಟಿ. ಪಿ. ಕೈಲಾಸಂ ಅವರು ಮೈಸೂರು ಸೀಮೆಯ ಮಧ್ಯಮ ವರ್ಗದ ಮನೆಗಳನ್ನು ರಂಗಕ್ಕೆ ತಂದರು. ‘ಟೊಳ್ಳು ಗಟ್ಟಿ’ಯಲ್ಲಿ ಓದಿನ ಹೆಮ್ಮೆಯನ್ನೂ ಮನೆಯವರ ಕಷ್ಟಕ್ಕೆ ಒದಗುವ ಗುಣವನ್ನೂ ಎದುರುಬದುರು ನಿಲ್ಲಿಸಿದರು. ‘ಅಮ್ಮಾವ್ರ ಗಂಡ’ ಎಂಬ ಅವರ ನಾಟಕದ ಹೆಸರು ಮಾತ್ರ ನಾಟಕವನ್ನು ನೋಡದವರ ಬಾಯಲ್ಲೂ ಗಾದೆಯಂತೆ ಉಳಿಯಿತು. ಹೆಂಡತಿಗೆ ಅಂಜುವ ಗಂಡ ಎಂಬ ಮಾದರಿ ಅಲ್ಲಿಂದಾಚೆಗೆ ಕನ್ನಡ ಹಾಸ್ಯದ ಸ್ಥಿರಾಸ್ತಿಯಾಯಿತು. ಮನೋರಮೆಯ ದಾರಿ ಮತ್ತು ಅಮ್ಮಾವ್ರ ಗಂಡನ ದಾರಿ ಎಂಬ ಈ ಎರಡರಲ್ಲಿ ಕಿರುತೆರೆ ಯಾವುದನ್ನು ಹಿಡಿಯಿತು ಎಂಬುದನ್ನು ಗಮನಿಸಬೇಕು.

ಅದಕ್ಕೆ ಮೊದಲು, ದೇಶದ ಕಿರುತೆರೆಗೆಲ್ಲ ಮಾದರಿಯಾದ ಹಿಂದಿ ಧಾರಾವಾಹಿಗಳತ್ತ ಒಂದು ನೋಟ ಅಗತ್ಯ. 1984ರಲ್ಲಿ ದೂರದರ್ಶನದಲ್ಲಿ ಎರಡು ಮನೆಗಳು ತೆರೆದುಕೊಂಡವು. ಒಂದು ‘ಹಮ್ ಲೋಗ್’ನ ಕೂಡುಕುಟುಂಬ, ಅದು ಗಂಭೀರ ಕಥನ. ಇನ್ನೊಂದು ‘ಯೇ ಜೋ ಹೈ ಜಿಂದಗಿ’ಯ ಪುಟ್ಟ ಸಂಸಾರ. ಶರದ್ ಜೋಶಿಯವರ ಬರವಣಿಗೆಯ ಈ ಹಾಸ್ಯ ಧಾರಾವಾಹಿಯಲ್ಲಿ ಅತ್ತೆ ಇಲ್ಲ, ಮಾವ ಇಲ್ಲ. ಗಂಡ, ಹೆಂಡತಿ, ಜೊತೆಗೆ ಹೆಂಡತಿಯ ತಮ್ಮ. ಹೊರಗಿನ ಲೋಕವೆಲ್ಲ ಕಂತಿಗೊಂದು ವೇಷದಲ್ಲಿ ಬಾಗಿಲು ತಟ್ಟುತ್ತದೆ. ಆ ವೇಷಗಳನ್ನೆಲ್ಲ ತೊಟ್ಟವರು ಒಬ್ಬರೇ ನಟ, ಸತೀಶ್ ಶಾ. ನಗರದ ಸಣ್ಣ ಸಂಸಾರಕ್ಕೆ ಬಂಧುಗಳಿಗಿಂತ ಅಪರಿಚಿತರ ಸಂಪರ್ಕವೇ ಹೆಚ್ಚೆಂಬ ಸತ್ಯವನ್ನು ಈ ಏರ್ಪಾಡು ಒಂದು ಮಾತೂ ಆಡದೆ ಹೇಳಿತು. ಹತ್ತು ವರ್ಷಗಳ ಬಳಿಕ ದಿಕ್ಕು ತಿರುಗಿತು. 1993ರ ‘ದೇಖ್ ಭಾಯಿ ದೇಖ್’ನಲ್ಲಿ ಮೂರು ತಲೆಮಾರುಗಳು ಒಂದೇ ಬಂಗಲೆಯಲ್ಲಿ ನಗುತ್ತ ಬಾಳಿದವು. ನಗರದಲ್ಲಿ ಜಾಗ ಕಿರಿದಾಗುತ್ತಿದ್ದ ಕಾಲದಲ್ಲಿ ತೆರೆಯ ಮನೆ ಹಿರಿದಾಯಿತು. ಪ್ರೇಕ್ಷಕರು ತಮಗಿಲ್ಲದ್ದನ್ನು ಅಲ್ಲಿ ಕಂಡು ಹಿಗ್ಗಿದರು.

1995ರ ‘ಹಮ್ ಪಾಂಚ್’ ಇವೆರಡಕ್ಕಿಂತ ಸೂಕ್ಷ್ಮವಾದ ಕೃತಿ. ಐವರು ಹೆಣ್ಣುಮಕ್ಕಳ ತಂದೆ ಆನಂದ್ ಮಾಥುರ್. ಮೊದಲ ಹೆಂಡತಿ ತೀರಿಕೊಂಡು ಎರಡನೆಯವಳು ಬಂದಿದ್ದಾಳೆ. ಗೋಡೆಯ ಮೇಲಿನ ಚಿತ್ರಪಟದೊಳಗಿಂದ ಮೊದಲನೆಯವಳು ಮಾತನಾಡುತ್ತಾಳೆ, ಗಂಡನನ್ನು ಕೆಣಕುತ್ತಾಳೆ. ಗಂಡುಮಗನಿಲ್ಲವೆಂಬ ಕೊರಗು, ಮಲತಾಯಿ, ಗತಿಸಿದವಳ ನೆನಪು, ಇವುಗಳಲ್ಲಿ ಒಂದೊಂದೂ ನಮ್ಮ ಕಾದಂಬರಿಗಳಲ್ಲಿ ಕಣ್ಣೀರಿನ ಕಾರಣ. ಇಲ್ಲಿ ಅವೆಲ್ಲ ನಗೆಯಾಗಿ ಬಂದುದರಿಂದ, ಇಂಥ ಮನೆಯೂ ಎಲ್ಲರ ಮನೆಯಂತೆಯೇ ಒಂದು ಮನೆ ಎಂಬ ಭಾವ ಪ್ರೇಕ್ಷಕರಲ್ಲಿ ಗೊತ್ತಿಲ್ಲದಂತೆ ಬೇರೂರಿತು. ತಂದೆ ಅಲ್ಲಿ ಹೆಸರಿಗೆ ಮಾತ್ರ ಮನೆಯ ಮುಖ್ಯಸ್ಥ. ಅವನ ಅಪ್ಪಣೆಗಳು ಯಾವುವೂ ಅಡುಗೆಮನೆಯ ಬಾಗಿಲು ದಾಟುವುದಿಲ್ಲ.

2004ರಲ್ಲಿ ಆರಂಭವಾದ ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ ಮನೆಯ ನಕ್ಷೆಯನ್ನೇ ಹಾಸ್ಯದ ಸೂತ್ರವಾಗಿಸಿತು. ಮುಂಬಯಿಯ ಸಿರಿವಂತ ಬಡಾವಣೆಯಲ್ಲಿ ಅತ್ತೆಯದೊಂದು ಫ್ಲ್ಯಾಟು, ಸೊಸೆಯದು ಅದರ ಎದುರಿನದು. ಕೂಡಿದ್ದೂ ಅಲ್ಲ, ಬೇರೆಯಾದದ್ದೂ ಅಲ್ಲ. ಅತ್ತೆ ಮಾಯಾಳಿಗೆ ಸೊಸೆ ಮೊನಿಷಾಳ ಮೇಲಿರುವ ಅಸಮಾಧಾನ ವರದಕ್ಷಿಣೆಯದಲ್ಲ, ಕೆಲಸಗಳ್ಳತನದ್ದೂ ಅಲ್ಲ. ಸೊಸೆಯ ಅಭಿರುಚಿ ಮಧ್ಯಮ ವರ್ಗದ್ದು ಎಂಬುದೇ ಅವಳ ಸಂಕಟ. ಅತ್ತೆ-ಸೊಸೆಯರ ಹಳೆಯ ಜಗಳ ಹೊಸ ಕಾಲದಲ್ಲಿ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಇಷ್ಟು ಖಚಿತವಾಗಿ ತೋರಿಸಿದ ಬೇರೆ ಧಾರಾವಾಹಿ ನಮಗೆ ನೆನಪಾಗುವುದಿಲ್ಲ.

ಇನ್ನು ಕನ್ನಡಕ್ಕೆ ಬರೋಣ. ಈ ಶತಮಾನದ ಮೊದಲ ವರ್ಷಗಳಲ್ಲಿ ಈಟಿವಿ ಕನ್ನಡ ವಾಹಿನಿಯಲ್ಲಿ ಬಂದ ‘ಪಾಪ ಪಾಂಡು’ ಮತ್ತು ‘ಸಿಲ್ಲಿ ಲಲ್ಲಿ’ ಗಡಿಯ ಈಚೆಗೂ ಮನೆಮಾತಾದವು. ಬೆಂಗಳೂರು ದೂರದರ್ಶನದ ‘ಸಿಹಿ ಕಹಿ’ ಧಾರಾವಾಹಿಯ ಹೆಸರನ್ನೇ ತಮ್ಮ ಹೆಸರಿನ ಮುಂದೆ ಪಡೆದ ಚಂದ್ರು ಅವರ ‘ಪಾಪ ಪಾಂಡು’ವಿನಲ್ಲಿ ಚಿದಾನಂದ್ ಅವರು ಪಾಂಡುವಾಗಿ, ಶಾಲಿನಿ ಅವರು ಅವನ ಹೆಂಡತಿ ಶ್ರೀಮತಿಯಾಗಿ ಅಭಿನಯಿಸಿದರು. ರಂಗಭೂಮಿಯ ಪಳಗಿದ ಲವಲವಿಕೆ, ಬೆಂಗಳೂರಿನ ಮಧ್ಯಮ ವರ್ಗದ ಮಾತಿನ ಚುರುಕು ಅದರಲ್ಲಿದ್ದವು. ಅಳುವಿನ ಧಾರಾವಾಹಿಗಳ ಸಾಲಿನಲ್ಲಿ ಅದೊಂದು ತಂಪು. ಆದರೆ ಅದು ಹಿಡಿದದ್ದು ಅಮ್ಮಾವ್ರ ಗಂಡನ ದಾರಿ. ಹೆಸರಿನಲ್ಲೇ ತೀರ್ಪಿದೆ: ಗಂಡ ‘ಪಾಪ’. ಶ್ರೀಮತಿ ಗುಡುಗುತ್ತಾಳೆ, ಪಾಂಡು ನಡುಗುತ್ತಾನೆ. ಅವಳ ಗುಡುಗಿಗೆ ಕಾರಣವೇನು, ಆ ಮನೆಯ ಯಾವ ಭಾರ ಅವಳ ಮೇಲಿದೆ ಎಂದು ಕೇಳುವ ವ್ಯವಧಾನ ಆ ನಗೆಗೆ ಇಲ್ಲ. ಯಜಮಾನಿಕೆ ತಲೆಕೆಳಗಾಯಿತೆಂದು ತೋರುತ್ತದೆ. ನಿಜಕ್ಕೂ ಆದದ್ದು ವೇಷದ ಬದಲಾವಣೆ. ಗಂಡ ಹೆಂಡತಿಗೆ ಹೆದರುವುದು ನಗೆಗೆ ಕಾರಣವಾಗಬೇಕಾದರೆ ಹೆಂಡತಿ ಗಂಡನಿಗೆ ಹೆದರುವುದು ಸಹಜವೆಂಬ ನಂಬಿಕೆ ಪ್ರೇಕ್ಷಕನಲ್ಲಿ ಗಟ್ಟಿಯಾಗಿರಲೇಬೇಕು. ಹಾಗಾಗಿ ಈ ಬಗೆಯ ಹಾಸ್ಯ ಹಳೆಯ ಯಜಮಾನಿಕೆಯನ್ನು ಅಣಕಿಸುತ್ತಲೇ ಅದಕ್ಕೆ ಸಾಕ್ಷಿ ನುಡಿಯುತ್ತದೆ.

ವಿಜಯಪ್ರಸಾದ್ ನಿರ್ದೇಶನದ ‘ಸಿಲ್ಲಿ ಲಲ್ಲಿ’ ಒಂದು ಹೆಜ್ಜೆ ಮುಂದಿಟ್ಟಿತು, ಒಂದು ಹೆಜ್ಜೆ ಹಿಂದೆ ಸರಿಯಿತು. ಡಾಕ್ಟರ್ ವಿಠಲರಾಯನ ಸುತ್ತ ಸೇರಿದ ಮಂದಿಯಲ್ಲಿ ರಕ್ತಸಂಬಂಧಕ್ಕಿಂತ ಒಡನಾಟವೇ ಬಲ. ನಗರದಲ್ಲಿ ಕುಟುಂಬ ಹೀಗೂ ಕೂಡಿಕೊಳ್ಳಬಹುದೆಂಬ ಸೂಚನೆ ಅದರಲ್ಲಿತ್ತು. ಆದರೆ ಮಂಜುಭಾಷಿಣಿಯವರು ನಿರ್ವಹಿಸಿದ ಸಮಾಜ ಸೇವಕಿ ಲಲಿತಾಂಬ ಎಂಬ ಪಾತ್ರ, ಮನೆಯ ಹೊರಗೆ ಕೆಲಸ ಹುಡುಕಿಕೊಂಡ ಹೆಂಗಸನ್ನು ಆ ಕೆಲಸಕ್ಕಾಗಿಯೇ ನಗೆಪಾಟಲು ಮಾಡಿತು. ಅಭಿನಯ ಅದ್ಭುತವಾಗಿತ್ತು, ಪಾತ್ರ ಜನಪ್ರಿಯವಾದುದು ಅದರಿಂದಲೇ. ಆದರೂ ಸಾರ್ವಜನಿಕ ಬದುಕಿಗೆ ಇಳಿದ ಹೆಂಗಸೆಂದರೆ ಬಡಾಯಿ, ಸೋಗು ಎಂಬ ಭಾವನೆಗೆ ಅದು ಬಲಕೊಟ್ಟಿತು. ಪಂಚಾಯತು ಚುನಾವಣೆಗಳಲ್ಲಿ ಹೆಂಗಸರು ಗೆದ್ದು ಬರುತ್ತಿದ್ದ ಕಾಲದಲ್ಲಿ ಈ ನಗೆ ಬಂತೆಂಬುದನ್ನು ಮರೆಯುವಂತಿಲ್ಲ.

ಕಾಸರಗೋಡಿನ ಕನ್ನಡಿಗರಾದ ನಮಗೆ ಎರಡು ಭಾಷೆಗಳ ವಾಹಿನಿಗಳು ಒಂದೇ ಗೋಡೆಯ ಮೇಲೆ ಸಿಗುತ್ತವೆ. ಆದ್ದರಿಂದ ಹೋಲಿಕೆ ನಮಗೆ ಸುಲಭ, ಅನಿವಾರ್ಯವೂ ಹೌದು. ಮಳವಿಲ್ ಮನೋರಮಾ ವಾಹಿನಿಯ ‘ತಟ್ಟೀಂ ಮುಟ್ಟೀಂ’ನಲ್ಲೂ ಅತ್ತೆ ಇದ್ದಾಳೆ, ಸೊಸೆ ಇದ್ದಾಳೆ, ಇಬ್ಬರಿಗೂ ಜಗಳವಿದೆ. ಅತ್ತೆಯ ಪಾತ್ರವನ್ನು 2022ರಲ್ಲಿ ನಮ್ಮನ್ನಗಲಿದ ಕೆ.ಪಿ.ಎ.ಸಿ. ಲಲಿತಾ, ಸೊಸೆ ಮೋಹನವಲ್ಲಿಯ ಪಾತ್ರವನ್ನು ಮಂಜು ಪಿಳ್ಳೆ ವಹಿಸಿದ್ದರು. ನಡುವೆ ಅರ್ಜುನನೆಂಬ ಗಂಡ; ಮೈಗಳ್ಳ, ದುಡಿಮೆಯ ನೆಲೆಯಿಲ್ಲದವನು. ಅವನಿಗೆ ಯಾರ ಭಯವೂ ಇಲ್ಲ, ಯಾವ ಚಿಂತೆಯೂ ಇಲ್ಲ. ಅತ್ತೆ-ಸೊಸೆಯರ ಜಗಳ ಇಲ್ಲಿ ಅಧಿಕಾರಕ್ಕಾಗಿ ನಡೆಯುವಂತೆ ಕಂಡರೂ, ಒಲೆ ಉರಿಸುವ ಚಿಂತೆ ಹೊತ್ತ ಇಬ್ಬರು ತಮ್ಮ ಬೇಗೆಯನ್ನು ಒಬ್ಬರ ಮೇಲೊಬ್ಬರು ಕಾರಿಕೊಳ್ಳುವ ಜಗಳವದು.

ಫ್ಲವರ್ಸ್ ವಾಹಿನಿಯಲ್ಲಿ 2015ರ ಕೊನೆಗೆ ಆರಂಭವಾದ ‘ಉಪ್ಪುಂ ಮುಳಕುಂ’, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಉಪ್ಪು-ಮೆಣಸು, ಇನ್ನೂ ಸಹಜವಾದುದು. ಬಿಜು ಸೋಪಾನಂ ಅವರ ಬಾಲು, ನಿಶಾ ಸಾರಂಗ್ ಅವರ ನೀಲು, ಅವರ ಮಕ್ಕಳು. ನೀಲು ಹೊರಗೆ ದುಡಿದು ಮನೆಗೂ ದುಡಿಯುವವಳು. ಬಾಲುವಿಗೆ ಕನಸುಗಳು ಹೆಚ್ಚು, ಆದಾಯ ಕಡಿಮೆ. ಮಕ್ಕಳು ತಂದೆಯೊಡನೆ ಸಮಾನಸ್ಕಂಧರಂತೆ ವಾದಿಸುತ್ತಾರೆ. ಅವನ ಅಪ್ಪಣೆಯನ್ನು ಅವನೆದುರಿಗೇ ಅಣಕಿಸುತ್ತಾರೆ. ಸಂಜೆಗೆ ಅವನ ಪಕ್ಕದಲ್ಲೇ ಒರಗಿ ಕೂರುತ್ತಾರೆ. ಹಿರಿಯ ಮಗ ಪ್ರಾಯಕ್ಕೆ ಬಂದ ಮೇಲೆ ತಾಯಿ ಮತ್ತೆ ಬಸುರಾಗುವ ಪ್ರಸಂಗ ಅದರಲ್ಲಿ ಬಂತು. ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಿ ಮುಗಿಯಬೇಕಾದ ಆ ಸಂಗತಿಯನ್ನು ನಾಚಿಕೆ, ಸಿಡುಕು, ಕೊನೆಗೆ ಸಡಗರ ಎಂಬ ಕ್ರಮದಲ್ಲಿ ಆ ಕುಟುಂಬ ಹಾದುಹೋದುದನ್ನು ಕಂಡವರು ಮರೆಯಲಾರರು. ಇಲ್ಲಿ ಗಂಡನ ಯಜಮಾನಿಕೆ ಕಳಚಿ ಬಿದ್ದಿದೆ, ಅದರಿಂದ ಮನೆ ಮುರಿದಿಲ್ಲ. ಮಲಯಾಳದ ಈ ಧಾರಾವಾಹಿಗಳು ನಮ್ಮ ಕನ್ನಡದವುಗಳಿಗಿಂತ ಮುಂದಿರುವುದು ಇಷ್ಟರಲ್ಲಿ: ಇವುಗಳಲ್ಲಿ ಹೆಂಡತಿ ರೇಗಿದಾಗ ಆ ರೇಗಿಗೆ ಕಾರಣ ಕಣ್ಣೆದುರಿಗಿರುತ್ತದೆ.

ಹಾಗೆಂದು ಇವುಗಳನ್ನು ತಲೆಯ ಮೇಲೆ ಹೊರಬೇಕಾಗಿಲ್ಲ. ಅರ್ಜುನನ ಸೋಮಾರಿತನ, ಬಾಲುವಿನ ಬೇಜವಾಬ್ದಾರಿ ಎರಡನ್ನೂ ಪ್ರೇಕ್ಷಕರು ಮುದ್ದಿನಿಂದ ಮನ್ನಿಸುವಂತೆ ಕಥೆ ಹೆಣೆಯಲಾಗಿದೆ. ನೀಲುವಿಗೆ ಎರಡು ದುಡಿಮೆ ಏಕೆ ಎಂದು ಯಾವ ಕಂತೂ ಕೊನೆಯವರೆಗೆ ಕೇಳುವುದಿಲ್ಲ. ಯಜಮಾನಿಕೆಯ ಗತ್ತು ನಗೆಯಾಗಿ ಕರಗಿತು; ಯಜಮಾನಿಕೆಯ ಹೊಣೆ ಮಾತ್ರ ಕರಗದೆ ಹೆಂಗಸಿನ ಹೆಗಲಿಗೆ ಇಳಿಯಿತು. ಹೊಣೆ ಹೊತ್ತವಳಿಗೆ ಆ ಹೆಸರು ಸಿಗಲಿಲ್ಲ. ಯಜಮಾನ್ತಿ ಎಂಬ ಪದ ನಮ್ಮ ನೆಲದಲ್ಲೇ ಇತ್ತು. ಆ ಪದಕ್ಕೆ ಗೌರವವಿತ್ತು, ಕಾನೂನಿನ ಮನ್ನಣೆಯಿತ್ತು. ಇಂದಿನ ತೆರೆಯ ನೀಲು, ಮೋಹನವಲ್ಲಿಯರಿಗೆ ಯಜಮಾನ್ತಿಯ ಕೆಲಸವಿದೆ, ಅವಳ ಪದವಿಯಿಲ್ಲ.

ಇನ್ನೊಂದು ಪಾತ್ರವನ್ನು ಇಲ್ಲಿ ಗಮನಿಸಬೇಕು: ಹೆಂಡತಿಯ ಸೋದರ. ‘ಯೇ ಜೋ ಹೈ ಜಿಂದಗಿ’ಯಲ್ಲಿ ಅವನಿದ್ದ, ‘ಉಪ್ಪುಂ ಮುಳಕುಂ’ನಲ್ಲಿ ಮಕ್ಕಳ ಮಾಮನಾಗಿ ಅವನು ಮತ್ತೆ ಕಾಣಿಸಿಕೊಳ್ಳುತ್ತಾನೆ. ಹಿಂದಿಯಲ್ಲಿ ಅದು ಕೇವಲ ಹಾಸ್ಯದ ಅನುಕೂಲ. ನಮ್ಮ ಸೀಮೆಯ ಕಣ್ಣಿಗೆ ಅದರಲ್ಲಿ ಇತಿಹಾಸವೊಂದು ಕಾಣುತ್ತದೆ. ತಂದೆಗಿಂತ ಹೆಚ್ಚಿನ ಅಧಿಕಾರ ನಡೆಸಿದ ಸೋದರಮಾವ, ಅವನ ಎದುರು ನಿಂತು ಮಾತನಾಡಲು ಅಂಜಿದ ಅಳಿಯಂದಿರು, ಇದು ಎರಡು ತಲೆಮಾರುಗಳ ಹಿಂದಿನ ಚಿತ್ರ. ಈಗ ಮಾಮ ಮಕ್ಕಳ ಆಟದ ಜೊತೆಗಾರ, ಅಕ್ಕನಿಂದ ಬೈಸಿಕೊಳ್ಳುವವರ ಸಾಲಿನಲ್ಲಿ ಇನ್ನೊಬ್ಬ. ಕಾರಣವರ ಚಾವಡಿಯಿಂದ ಇಳಿದವನು ಮಕ್ಕಳ ನಡುವೆ ಬಂದು ಕುಳಿತಿದ್ದಾನೆ. ‘ಅಳಿಯ’ ಎಂಬ ಮಾತೂ ಹೊಳೆ ದಾಟುವಾಗ ಅರ್ಥ ಬದಲಿಸುತ್ತದೆ. ಕನ್ನಡದಲ್ಲಿ ಅದು ಮಗಳ ಗಂಡ ಅಥವಾ ಸೋದರಿಯ ಮಗ. ಮಲಯಾಳದಲ್ಲಿ ‘ಅಳಿಯನ್’ ಎಂದರೆ ಭಾವ-ಮೈದುನ, ಗೆಳೆಯರ ನಡುವಿನ ಸಲಿಗೆಯ ಸಂಬೋಧನೆಯೂ ಹೌದು. ಅಲ್ಲಿನ ಹಾಸ್ಯ ಧಾರಾವಾಹಿಗಳು ಆ ಸಲಿಗೆಯಿಂದ ಎಷ್ಟು ನಗೆಯನ್ನು ತೆಗೆಯುತ್ತವೆ ಎಂಬುದನ್ನು ಕಂಡಾಗ, ಸಂಬಂಧವಾಚಕಗಳ ಈ ಭಂಡಾರವನ್ನು ನಮ್ಮ ಕನ್ನಡ ಹಾಸ್ಯ ಮುಟ್ಟದೆ ಬಿಟ್ಟಿತಲ್ಲಾ ಎನಿಸುತ್ತದೆ.

ಹಾಸ್ಯ ಧಾರಾವಾಹಿಗೆ ಅದರ ಸ್ವರೂಪವೇ ವಿಧಿಸುವ ಒಂದು ಮಿತಿಯಿದೆ. ಕಂತು ಮುಗಿಯುವಾಗ ಎಲ್ಲವೂ ಮೊದಲಿದ್ದಂತೆಯೇ ಇರಬೇಕು. ಜಗಳವಾಡಿದವರು ರಾಜಿಯಾಗಬೇಕು, ಮನೆ ಬಿಟ್ಟವರು ಹಿಂದಿರುಗಬೇಕು, ನಾಳೆಯ ಕಂತಿಗೆ ಎಲ್ಲರೂ ಮನೆಯಲ್ಲಿರಬೇಕು. ಹೀಗಾಗಿ ತೆರೆಯ ಮನೆ ಯಾವಾಗಲೂ ತುಂಬಿರುತ್ತದೆ. ನಮ್ಮ ಮನೆಗಳು ಹಾಗಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಗಂಡಸರು, ಬೆಂಗಳೂರು-ಮಂಗಳೂರುಗಳಲ್ಲಿ ನೆಲೆನಿಂತ ಮಕ್ಕಳು, ಅಡಕೆ ತೋಟದ ನಡುವಿನ ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು, ಕುಟುಂಬದ ಈ ಹೊಸ ರೂಪಕ್ಕೆ ನಿತ್ಯದ ಹಾಸ್ಯ ಧಾರಾವಾಹಿಯಲ್ಲಿ ಎಡೆಯಿಲ್ಲ. ಹೋದವನು ಹೋದಲ್ಲೇ ಉಳಿದರೆ ಮುಂದಿನ ಕಂತು ನಡೆಯುವುದಿಲ್ಲ.

ಈ ಮಿತಿಯನ್ನು ದಾಟಿದ ಕೃತಿಯೊಂದು ನಮ್ಮ ಜಿಲ್ಲೆಯಿಂದಲೇ ಬಂದುದನ್ನು ಸಂತೋಷದಿಂದ ನೆನೆಯುತ್ತೇವೆ. ಅದು ಧಾರಾವಾಹಿಯಲ್ಲ, ಚಲನಚಿತ್ರ. ಆದರೆ 2021ರಲ್ಲಿ ಅದು ಹೆಚ್ಚಿನವರನ್ನು ಮುಟ್ಟಿದ್ದು ಮನೆಯ ಪರದೆಯ ಮೂಲಕವೇ. ‘ತಿಂಗಳಾಳ್ಚ ನಿಶ್ಚಯಂ’, ಸೋಮವಾರ ನಿಶ್ಚಿತಾರ್ಥ ಎಂದರ್ಥ. ಕಾಞಂಗಾಡಿನ ಸೆನ್ನಾ ಹೆಗ್ಡೆ ಅದರ ನಿರ್ದೇಶಕರು. ಅದಕ್ಕೆ ಮೊದಲು 2018ರಲ್ಲಿ ‘ಕಥೆಯೊಂದು ಶುರುವಾಗಿದೆ’ ಎಂಬ ಕನ್ನಡ ಚಿತ್ರ ಮಾಡಿದವರು. ಕುವೈತಿನಿಂದ ಮರಳಿದ ತಂದೆ ವಿಜಯನ್ ಮನೆಯಲ್ಲಿ ರಾಜ್ಯಭಾರ ನಡೆಸಬಯಸುತ್ತಾನೆ. ಹಿರಿಯ ಮಗಳು ಹಿಂದೆಯೇ ಮೆಚ್ಚಿದವನನ್ನು ಮದುವೆಯಾಗಿದ್ದಾಳೆ. ಕಿರಿಯವಳ ನಿಶ್ಚಿತಾರ್ಥಕ್ಕೆ ಚಪ್ಪರ ಏಳುತ್ತಿದೆ, ಅವಳಿಗೆ ಆ ಸಂಬಂಧ ಬೇಡ. ಅಡುಗೆ, ಚಪ್ಪರ, ನೆಂಟರ ಹರಟೆಗಳ ನಡುವೆ ಆ ಯಜಮಾನಿಕೆ ಒಂದೊಂದೇ ಗೂಟ ಕಿತ್ತ ಡೇರೆಯಂತೆ ಜಾರುತ್ತದೆ. ಪಾತ್ರಗಳ ಬಾಯಲ್ಲಿರುವುದು ಕಾಸರಗೋಡಿನ ಮಲಯಾಳ. ಮನೆಯ ನಗೆ ಮನೆಯ ಮಾತಿನಲ್ಲೇ ಹುಟ್ಟಬೇಕೆಂಬುದನ್ನು ಆ ಚಿತ್ರ ಯಾವ ಪ್ರಣಾಳಿಕೆಯೂ ಇಲ್ಲದೆ ಸಾಧಿಸಿತು.

ಗಡಿನಾಡಿನ ಕನ್ನಡಿಗರಾದ ನಮಗೆ ಇಲ್ಲೊಂದು ಕೊರತೆ ಎದ್ದು ತೋರುತ್ತದೆ. ಬೆಂಗಳೂರಿನ ಧಾರಾವಾಹಿಯಲ್ಲಿ ನಾವು ಕಾಣುವುದು ಬೆಂಗಳೂರಿನ ಮನೆಯನ್ನು. ಮಲಯಾಳದ ಧಾರಾವಾಹಿಗಳಲ್ಲಿ ಹೆಚ್ಚಾಗಿ ತೆಂಕಣ ಕೇರಳದ ಮನೆಯನ್ನು. ಅಜ್ಜಿ ತುಳುವಿನಲ್ಲಿ ಗದರಿಸಿ, ತಾಯಿ ಕನ್ನಡದಲ್ಲಿ ಸಮಾಧಾನ ಹೇಳಿ, ಮಗು ಶಾಲೆಯಿಂದ ತಂದ ಮಲಯಾಳದಲ್ಲಿ ಎದುರುತ್ತರ ಕೊಡುವ ಮನೆ ಯಾವ ತೆರೆಯ ಮೇಲೂ ಇಲ್ಲ. ಹವ್ಯಕ ಭಾಷೆ, ಕರಾಡ, ಮರಾಠಿ, ಬ್ಯಾರಿ, ಕೊಂಕಣಿಗಳೆಲ್ಲ ಒಂದೇ ಅಂಗಳದಲ್ಲಿ ಹಾದುಹೋಗುವ ನಮ್ಮ ದಿನಚರಿ ಹಾಸ್ಯಕ್ಕೆ ಹೇಳಿ ಮಾಡಿಸಿದ್ದು. ಒಂದೇ ಶಬ್ದ ಮೂರು ಭಾಷೆಗಳಲ್ಲಿ ಮೂರು ಅರ್ಥ ಕೊಟ್ಟು ನೆಂಟಸ್ತನವೊಂದು ಮುರಿಯುವ ಹಂತಕ್ಕೆ ಹೋಗುವುದು ನಮ್ಮಲ್ಲಿ ಕಲ್ಪನೆಯಲ್ಲ. ಭಾಷೆಯ ಪ್ರಶ್ನೆಯನ್ನು ನಾವು ಮನವಿಪತ್ರಗಳಲ್ಲಿ, ಧರಣಿಗಳಲ್ಲಿ, ಸಮ್ಮೇಳನದ ನಿರ್ಣಯಗಳಲ್ಲಿ ಎತ್ತಿದ್ದೇವೆ, ಎತ್ತಲೇಬೇಕಾಗಿತ್ತು. ಆದರೆ ಆ ಭಾಷೆ ಮನೆಯೊಳಗೆ ನಗುವುದನ್ನು ಬರೆದಿಟ್ಟದ್ದು ಕಡಿಮೆ. ಮಕ್ಕಳು ಯಾವ ಭಾಷೆಯಲ್ಲಿ ನಗುತ್ತಾರೋ ಆ ಭಾಷೆ ಅವರ ಮಕ್ಕಳವರೆಗೆ ಸಾಗುತ್ತದೆಂಬುದು ನಮ್ಮ ನಂಬಿಕೆ. ಇಂದು ನಮ್ಮ ಮಕ್ಕಳು ಬಾಲು-ನೀಲುಗಳೊಡನೆ ನಗುತ್ತಿದ್ದಾರೆ. ಅದು ತಪ್ಪಲ್ಲ, ಆ ನಗೆ ಒಳ್ಳೆಯದು. ಅದರ ಪಕ್ಕದಲ್ಲಿ ಇಡಲು ನಮ್ಮದೊಂದು ಇಲ್ಲವಲ್ಲಾ ಎಂಬುದೇ ವ್ಯಥೆ.

ಸಮ್ಮೇಳನದ ವೇದಿಕೆಯಲ್ಲಿ ಹಾಸ್ಯಗೋಷ್ಠಿಗೆ ಸಂಜೆಯ ಕೊನೆಯ ಒಂದು ಗಂಟೆ ಮೀಸಲಿಡುವುದು ವಾಡಿಕೆ. ಅಲ್ಲಿ ಹೆಂಡತಿಗೆ ಅಂಜುವ ಗಂಡನ ಚುಟುಕುಗಳನ್ನು ಕೇಳಿ ಎದ್ದುಹೋಗುತ್ತೇವೆ. ಆ ಗಂಟೆಯನ್ನು ನಮ್ಮ ಮನೆಗಳ ನಿಜವಾದ ನಗೆಗೆ ಬಿಟ್ಟುಕೊಡಬಾರದೇ ಎಂದು ನಮ್ಮ ಬರಹಗಾರರನ್ನೂ ಹವ್ಯಾಸಿ ರಂಗತಂಡಗಳನ್ನೂ ಕೇಳಲು ಬಯಸುತ್ತೇವೆ. ಹತ್ತು ನಿಮಿಷದ ಕಿರುನಾಟಕ ಸಾಕು. ಫೋನಿನಲ್ಲಿ ಚಿತ್ರಿಸಿದ ಕಂತುಗಳೂ ಇಂದು ವಾಹಿನಿಯಷ್ಟೇ ದೂರ ಹೋಗುತ್ತವೆ. ಆ ಮನೆಯಲ್ಲಿ ಮಾಮ ಇರಲಿ, ಕೊಲ್ಲಿಯಿಂದ ಕರೆಮಾಡುವ ಮಗ ಇರಲಿ, ಮೂರು ಭಾಷೆಗಳೂ ಇರಲಿ. ನಂದಳಿಕೆಯ ಮನೋರಮೆಯಂತೆ ಕಥೆಯನ್ನು ತಡೆದು ಪ್ರಶ್ನೆ ಕೇಳುವ ಹೆಂಗಸೊಬ್ಬಳಿರಲಿ. ಅವಳನ್ನು ಮನೆಯವರು ಯಜಮಾನ್ತಿ ಎಂದೇ ಕರೆಯಲಿ.